ಹಗ್ಗದ ಗರಗಸ

ಅಟ್ಟದ ಮೇಲಿನ ಕೊನೆಯ ಅಡಿಕೆಯೂ ಒಣಗಿ ಚೀಲ ಸೇರಿ, ಚಳಿ ‘ಶಿವಶಿವಾ’ ಎಂದು ಹೊರಟುಹೋಗುವ ಶಿವರಾತ್ರಿಯೂ ಕಳೆದ ಮೇಲೆ ನಮ್ಮ ಸಾಗರ ಸೀಮೆಯ ಮನೆಗಳಲ್ಲಿ ಉಳಿಯುತ್ತಿದ್ದ ದೊಡ್ಡ ಕೆಲಸವೆಂದರೆ ಮಳೆಗಾಲದ ಕಟ್ಟಿಗೆ. ಆರಿದ್ರೆ ಮಳೆ ಹಿಡಿದುಕೊಂಡಿತೆಂದರೆ ವಾರಗಟ್ಟಲೆ ಅಂಗಳಕ್ಕೆ ಬಿಸಿಲು ಇಣುಕದ ಊರು ನಮ್ಮದು. ಅಷ್ಟೂ ದಿನ ಅಡುಗೆ ಒಲೆ ಉರಿಯಬೇಕು, ಬಚ್ಚಲ ಹಂಡೆಯ ಅಡಿ ಬೆಂಕಿ ಆರಬಾರದು, ದನಗಳ ಅಕ್ಕಚ್ಚು ಬೆಚ್ಚಗಾಗಬೇಕು, ಹೊಡತಲಿನ ಬೆಂಕಿಯ ಮೇಲೆ ಕಟ್ಟಿದ ಬಳ್ಳಿಯಲ್ಲಿ ಒದ್ದೆ ಪಂಚೆ, ಲಂಗ, ಶಾಲೆಯ ಚಡ್ಡಿಗಳೆಲ್ಲ ಹೊಗೆವಾಸನೆ ಹೊತ್ತುಕೊಂಡು ಒಣಗಬೇಕು. ಮಳೆ ಹೋಗಿ ದೀಪಾವಳಿ ಬಂತೋ, ಸುಲಿದ ಹಸಿ ಅಡಿಕೆ ಬೇಯಿಸುವ ದೊಡ್ಡ ಒಲೆ ಬಾಯಿ ತೆರೆದು ಕೂತಿರುತ್ತಿತ್ತು. ಇಷ್ಟಕ್ಕೂ ಬೇಕಾದ ಕಟ್ಟಿಗೆ, ರೋಹಿಣಿ ಮಳೆಯ ಮೊದಲ ಹನಿ ಬೀಳುವುದರೊಳಗೆ ಕೊಯ್ದು, ಸೀಳಿ, ಒಣಗಿ ಕಟ್ಟಿಗೆಮನೆ ಸೇರಿರಬೇಕು. ಅದು ಅಜ್ಜನ ಲೆಕ್ಕ. ಆ ಲೆಕ್ಕದಲ್ಲಿ ನಾವು ಮಕ್ಕಳೂ ಆಳುಗಳೇ.

ಸೊಪ್ಪಿನ ಬೆಟ್ಟದಲ್ಲಿ ಒಣಗಿ ನಿಂತ ಮರ, ಗಾಳಿಗೆ ಮುರಿದ ಹರೆ, ಹೊಳೆ ತಂದು ದಡಕ್ಕೆ ಬಿಟ್ಟುಹೋದ ಕೊರಡು ಎಲ್ಲ ಗಾಡಿಯೇರಿ ಬಂದು ಅಂಗಳದಾಚೆ ಬೀಳುತ್ತಿದ್ದವು. ಮತ್ತಿ, ಹೊನ್ನೆ, ಜಂಬೆ, ನಂದಿ, ನೇರಲು, ಸಳ್ಳೆ. ಸಿಪ್ಪೆ ಇಲ್ಲದ ಕುಂಟೆಯನ್ನೂ ಅಜ್ಜ ಉಗುರಲ್ಲಿ ಕೆರೆದು, ಮೂಸಿ ಇಂಥದ್ದೆಂದು ಹೇಳುತ್ತಿದ್ದರು. ‘ಅಡ್ಡಕ್ಕೆ ಗರಗಸ, ಉದ್ದಕ್ಕೆ ಕೊಡಲಿ’ ಎನ್ನುವುದು ಅವರ ಕಟ್ಟಳೆ. ಕುಂಟೆಯನ್ನು ಅಡ್ಡಕ್ಕೆ ಕೊಡಲಿಯಲ್ಲಿ ಕಡಿದರೆ ಅರ್ಧ ಮರ ಚಕ್ಕೆಯಾಗಿ ಹಾರಿಹೋಗುತ್ತದೆ, ಒಣಗಿದ ಜಂಬೆಯ ಮೇಲಂತೂ ಏಟು ಪುಟಿದು ಕಾಲಿಗೇ ಬರುತ್ತದೆ. ಅಡ್ಡ ಕೊಯ್ಯಲಿಕ್ಕೆ ಗರಗಸವೇ ಆಗಬೇಕು. ಆ ಗರಗಸ ಅಂಗಡಿಯಿಂದ ಬಂದದ್ದಲ್ಲ, ಮನೆಯಲ್ಲೇ ಮಾಡಿದ್ದು.

ಮೆತ್ತು ಕಟ್ಟಲು ಬಂದ ಆಚಾರಿಯೊಬ್ಬರಿಂದ ಅಜ್ಜ ಕಲಿತ ವಿದ್ಯೆಯದು. ಹಗ್ಗದ ಗರಗಸ ಎಂದೇ ಮನೆಯಲ್ಲಿ ಅದರ ಹೆಸರು. ಎರಡು ಕೈ, ಅವುಗಳ ನಟ್ಟನಡುವೆ ಒಂದು ಅಡ್ಡಪಟ್ಟಿ, ಕೆಳತುದಿಗಳ ನಡುವೆ ಎರಡೂವರೆ ಅಡಿಯ ಅಲಗು, ಮೇಲ್ತುದಿಗಳ ನಡುವೆ ಪುಂಡಿನಾರಿನ ಹಗ್ಗ, ಹಗ್ಗದ ಎಳೆಗಳ ನಡುವೆ ತೂರಿಸಿದ ಬಗನಿ ಮರದ ಒಂದು ಸೀಳು. ಇಷ್ಟೇ. ಕೈಗಳಿಗೆ ದಡಸಲೇ ಬೇಕು, ಬೇರೆ ಮರ ಅಜ್ಜನಿಗೆ ಒಪ್ಪಿಗೆಯಿಲ್ಲ. ಕೊಡಲಿಯ ಕಾವಿಗೂ ಹೊರೆ ಹೊರುವ ಅಡ್ಡೆಗೂ ಅದೇ ದಡಸಲು, ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ. ಅಡ್ಡಪಟ್ಟಿ ಮಾತ್ರ ಹೆಬ್ಬಲಸಿನದು, ಅದಕ್ಕೊಂದು ಹಿಂದಿನ ಕತೆಯಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಹಿಂದೆ ಹಿಂದೆ ಸರಿಯುತ್ತ ಬಂದು ಅಜ್ಜ ಹುಟ್ಟಿದ ಮನೆಯ ಅಡಿಗಲ್ಲಿನ ಮೇಲೆ ನಿಂತಿತು. ಅದಕ್ಕೂ ಮುಂಚೆ ಬಿಚ್ಚಿ ಗಾಡಿಗೆ ಹೇರಿ ತಂದ ತೊಲೆ, ದಾರಂದ, ಪಕಾಸೆಗಳಲ್ಲಿ ಹೊಸಮನೆಗೆ ಹೊಂದದೆ ಉಳಿದದ್ದೊಂದು ತುಂಡು ಇತ್ತು. ಅದನ್ನು ಅಜ್ಜ ಒಲೆಗೂ ಹಾಕದೆ, ಯಾರಿಗೂ ಕೊಡದೆ ಅಟ್ಟದಲ್ಲಿಟ್ಟಿದ್ದರು. ಗರಗಸದ ಅಡ್ಡಪಟ್ಟಿಯಾದದ್ದು ಅದೇ ತುಂಡು. ಮುಳುಗಿದ ಮನೆಯ ಬಗ್ಗೆ ಅವರು ಹೆಚ್ಚು ಮಾತಾಡಿದವರಲ್ಲ. ಗರಗಸ ಕೆಳಗಿಳಿಸುವಾಗ ಮಾತ್ರ ಅಡ್ಡಪಟ್ಟಿಯ ಮೇಲೊಮ್ಮೆ ಅಂಗೈ ಆಡಿಸುತ್ತಿದ್ದರು.

ಅಡ್ಡಪಟ್ಟಿಯ ಎರಡು ತುದಿಗಳು ಕೈಗಳ ಕಚ್ಚಿನೊಳಗೆ ಕೂರಬೇಕು, ಆದರೆ ಅಲ್ಲಿ ಮೊಳೆಯಿಲ್ಲ, ಅಂಟಿಲ್ಲ, ಬಿಗಿಯೂ ಇಲ್ಲ. ಸಡಿಲ ಇದ್ದರೇ ಕೆಲಸ. ಬಗನಿಯ ಸೀಳನ್ನು ಸುತ್ತಿಸುತ್ತ ಹೋದಂತೆ ಹಗ್ಗ ಹುರಿಗೊಂಡು ಕೈಗಳ ಮೇಲ್ತುದಿ ಒಳಕ್ಕೆ ಬಾಗಿ, ಕೆಳತುದಿ ಹೊರಕ್ಕೆ ಸರಿದು, ಅಲ್ಲಿಯವರೆಗೆ ಲಬಲಬ ಎನ್ನುತ್ತಿದ್ದ ಅಲಗು ಸೆಟೆದು ನಿಲ್ಲುತ್ತಿತ್ತು. ಕಾಗದದಷ್ಟೇ ತೆಳುವಾದ ಉಕ್ಕು ದಪ್ಪದ ಮರ ಕೊಯ್ಯುವ ಗುಟ್ಟು ಆ ಎಳೆತದಲ್ಲಿತ್ತು. ದಪ್ಪ ಅಲಗಾದರೆ ದಾರಿ ಅಗಲವಾಗುತ್ತದೆ, ತೋಳು ಸೋಲುತ್ತದೆ, ಮರ ಹುಡಿಯಾಗಿ ಹೋಗುತ್ತದೆ. ತೆಳುವಾದದ್ದು ಸಣ್ಣ ದಾರಿಯಲ್ಲಿ ಹೋಗುತ್ತದೆ, ಆದರೆ ಬಿಗಿದು ಹಿಡಿಯುವವರಿಲ್ಲದಿದ್ದರೆ ಮಡಚಿಕೊಳ್ಳುತ್ತದೆ. ಹಗ್ಗ ಸುತ್ತುವ ಸರದಿಗಾಗಿ ನಮ್ಮಲ್ಲಿ ಜಗಳವೋ ಜಗಳ. ಎಷ್ಟು ಸುತ್ತು ಸಾಕು ಎನ್ನುವುದನ್ನು ಮಾತ್ರ ಅಜ್ಜನೇ ಹೇಳಬೇಕು. ಅಪ್ಪಚ್ಚಿ, ಅಂದರೆ ಚಿಕ್ಕಪ್ಪ, ಅಲಗನ್ನು ಹೆಬ್ಬೆರಳಲ್ಲಿ ಮೀಟಿದರೆ ಜಗಲಿಯ ಕಂಬಕ್ಕೊರಗಿ ಕವಳ ಹಾಕುತ್ತಿದ್ದ ಅಜ್ಜ ಅಲ್ಲಿಂದಲೇ ಕಿವಿಗೊಟ್ಟು, “ಇನ್ನೊಂದ್ ಸುತ್ತು ಹಾಕಾ” ಎನ್ನುವರು. ಮತ್ತೆ ಮೀಟಿ, ದನಿ ಏರಿ, ಟಣ್ ಎಂದಾಗ ಕೈಯೆತ್ತುವರು. ಸಂಜೆ ಕೆಲಸ ಮುಗಿದೊಡನೆ ಹಗ್ಗ ಸಡಿಲಿಸಿಯೇ ಗರಗಸವನ್ನು ಗೂಟಕ್ಕೆ ಹಾಕಬೇಕು. ಬಿಗಿದೇ ಬಿಟ್ಟರೆ ಇಬ್ಬನಿ ಕುಡಿದ ನಾರಿನ ಹಗ್ಗ ರಾತ್ರಿಯೆಲ್ಲ ತಾನಾಗಿ ಬಿಗಿಯುತ್ತ ಕೈಗಳನ್ನು ಸೊಟ್ಟ ಮಾಡುತ್ತದೆ. ಊಟಕ್ಕೆ ಕೂತವರನ್ನು ಎಬ್ಬಿಸಿ ಹಗ್ಗ ಸಡಿಲಿಸಲು ಕಳಿಸಿದ್ದುಂಟು.

ಚೌಕಟ್ಟು ಒಮ್ಮೆ ಮಾಡಿದರೆ ಕಾಲಕಾಲಕ್ಕೂ ಬರುತ್ತದೆ. ಅಲಗಿನ ವಿಷಯ ಹಾಗಲ್ಲ. ಅದನ್ನು ಹುಡುಕಬೇಕು, ಆರಿಸಬೇಕು, ಮನೆಗೆ ತಂದು ಒಗ್ಗಿಸಿಕೊಳ್ಳಬೇಕು. ಪೇಟೆಯ ಸಾಮಿಲ್ಲಿನ ಹಿತ್ತಿಲಲ್ಲಿ ಕಡಿದುಹೋದ ಪಟ್ಟಿಗರಗಸದ ತುಂಡುಗಳು ಬಿದ್ದಿರುತ್ತಿದ್ದವು. ಅಡಿಕೆ ಮಂಡಿಗೆ ಹೋದ ದಿನ ಅಜ್ಜ ನಮ್ಮಲ್ಲಿ ಒಬ್ಬರನ್ನು ಕರೆದುಕೊಂಡು ಅಲ್ಲಿಗೂ ಹೋಗುವರು. ಹಸಿಮರದ ಹುಳಿವಾಸನೆ, ಬೆಲ್ಟು ಓಡುವ ಸದ್ದು, ಕಿವಿಯ ಹತ್ತಿರ ಬಾಯಿಟ್ಟೇ ಮಾತಾಡಬೇಕಾದ ಗದ್ದಲ. ದಿಮ್ಮಿ ಸೀಳುವ ಅಗಲದ ಪಟ್ಟಿ ನಮಗೆ ಉಪಯೋಗವಿಲ್ಲ. ಕುರ್ಚಿ-ಮೇಜಿನ ಕೆಲಸಕ್ಕೆ ಬಳಸುವ, ಎರಡು ಬೆರಳಗಲದ್ದು ಸಿಕ್ಕರೆ ಅದೃಷ್ಟ.

ಸಿಕ್ಕಿದ್ದನ್ನೆಲ್ಲ ತರುವವರಲ್ಲ ಅಜ್ಜ. ಮೊದಲು ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಬಿಲ್ಲಾಗಿ ಬಗ್ಗಿಸಿ ಬಿಡುವರು. ನೆಟ್ಟಗೆ ಮರಳಿ ಬಂದರೆ ಉಕ್ಕಿಗೆ ಜೀವವಿದೆ, ಬಾಗಿದಲ್ಲೇ ಉಳಿದರೆ ಅದು ಬರೀ ತಗಡು. ಆಮೇಲೆ ಕಣ್ಣಿನ ನೇರಕ್ಕೆ ಹಿಡಿದು ಉದ್ದಕ್ಕೂ ನೋಡುವರು. ಎಲ್ಲಾದರೂ ತಿರುಚಿದ್ದರೆ ಬೇಡ. ಸೊಟ್ಟ ಅಲಗು ಎಷ್ಟು ಹುಷಾರಾಗಿ ಎಳೆದರೂ ಕುಂಟೆಯೊಳಗೆ ಸೊಟ್ಟ ದಾರಿಯನ್ನೇ ಹಿಡಿಯುತ್ತದೆ. ಅಂಗಿಯ ಜೇಬಿನಲ್ಲಿದ್ದ ಪುಟ್ಟ ಅರವನ್ನು ಒಂದು ಹಲ್ಲಿಗೆ ತಾಗಿಸುವರು. ಅರ ಜಾರಿದರೆ ಹಲ್ಲು ತೀರಾ ಗಡಸು, ಮೊಂಡಾದ ದಿನ ಅದನ್ನು ಚೂಪು ಮಾಡುವವರಿಲ್ಲ. ಅರ ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಹಲ್ಲು ಮೆದು, ಒಂದು ಜಂಬೆಯ ಕುಂಟೆಗೇ ಮುಗಿಯಿತು. ಅರ ಹಿಡಿದು ಹಿಡಿದು ಕಚ್ಚಬೇಕು. ಅಂಥದ್ದು ಸಿಕ್ಕರೆ ಕೊನೆಯ ಪರೀಕ್ಷೆ ಮನೆಯಲ್ಲಿ. ಪಟ್ಟಿಗರಗಸ ಕಡಿಯುವುದು ಹಲ್ಲಿನ ಬುಡದಲ್ಲಿ ಹುಟ್ಟುವ ಕೂದಲೆಳೆಯ ಬಿರುಕಿನಿಂದ, ಅದು ಬರೀ ಕಣ್ಣಿಗೆ ಕಾಣುವುದಿಲ್ಲ. ಅಲಗಿಗೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಲ್ಲಿ ಚೊಕ್ಕ ಒರೆಸಿ, ಶಾಲೆಯ ಸೀಮೆಸುಣ್ಣದ ಪುಡಿ ತಿಕ್ಕಬೇಕು. ಬಿರುಕಿದ್ದರೆ ಒಳಗೆ ಇಂಗಿದ ಎಣ್ಣೆ ಹೊರಬಂದು ಬಿಳಿಯ ಮೇಲೆ ಗೆರೆ ಮೂಡುತ್ತಿತ್ತು. ಆ ಗೆರೆ ಮೂಡುತ್ತದೆಯೋ ಇಲ್ಲವೋ ಎಂದು ನಾವೆಲ್ಲ ತಲೆಗೆ ತಲೆ ತಾಗಿಸಿ ಬಗ್ಗಿ ಕೂತಿರುತ್ತಿದ್ದೆವು.

ಪಾಸಾದ ಅಲಗಿನ ಎರಡು ತುದಿಗೂ ತೂತು ಬೇಕಲ್ಲ, ಅಷ್ಟು ಗಡಸು ಉಕ್ಕಿಗೆ ತೂತು ಹಾಕಲಿಕ್ಕಾಗದು. ಅದಕ್ಕೆ ಬಚ್ಚಲೊಲೆ. ತುದಿಯನ್ನಷ್ಟೇ ಕೆಂಡದಲ್ಲಿ ಹುಗಿದು, ನಡುವಿನ ಹಲ್ಲುಗಳಿಗೆ ಬಿಸಿ ತಾಗದಂತೆ ಒದ್ದೆ ಗೋಣಿ ಸುತ್ತಿ, ಊದುಕೊಳವೆಯಲ್ಲಿ ನಾವು ಸರದಿಯಂತೆ ಊದಿ ಊದಿ ತುದಿ ಕೆಂಪಗಾದ ಮೇಲೆ ಬೂದಿಯೊಳಗೆ ಮುಚ್ಚಿ ರಾತ್ರಿಯೆಲ್ಲ ಬಿಟ್ಟರೆ ಬೆಳಗಾಗುವಾಗ ಅಲ್ಲಷ್ಟೇ ಮೆತ್ತಗಾಗಿರುತ್ತಿತ್ತು. ನಿಧಾನಕ್ಕೆ ಆರಬೇಕು, ಅದೇ ಮುಖ್ಯ. ನೀರಿಗೆ ಅದ್ದಿದರೆ ಮೊದಲಿಗಿಂತ ಗಡಸಾಗುತ್ತದೆ. ಬೆಳಗ್ಗೆ ಸ್ನಾನಕ್ಕೆ ನೀರು ಕಾಯಿಸಲು ಹೋದ ಆಯಿಗೆ ಬೂದಿ ಕೆದಕಬೇಡ ಎಂದು ಕೂಗುವುದೇ ನಮಗೊಂದು ಸಂಭ್ರಮ.

ಒಮ್ಮೆ ಮುಂಬೈಯಲ್ಲಿದ್ದ ಬಂಧುಗಳೊಬ್ಬರು ಮೀನು-ಕೊಕ್ಕೆಯ ಗುರುತಿದ್ದ ಸ್ವೀಡನ್ನಿನ ಸ್ಯಾಂಡ್ವಿಕ್ ಬ್ಲೇಡು ತಂದುಕೊಟ್ಟರು. ಎಣ್ಣೆಕಾಗದ ಬಿಚ್ಚಿದಾಗ ಮನೆಯವರೆಲ್ಲ ಸೇರಿದ್ದರು. ಅದರ ಹಲ್ಲುಗಳ ಸಾಲೇ ಬೇರೆ: ನಾಲ್ಕು ಕೊಯ್ಯುವ ಹಲ್ಲು, ಆಮೇಲೆ ತುಸು ಗಿಡ್ಡದ, ಕವಲೊಡೆದ ಒಂದು ಹಲ್ಲು, ಅದರ ಅಕ್ಕಪಕ್ಕ ಆಳದ ಸಂದು. ನಾಲ್ಕು ಹಲ್ಲು ಕೊಯ್ದದ್ದನ್ನು ಆ ಗಿಡ್ಡ ಹಲ್ಲು ಗೋರಿ ಹೊರಹಾಕುತ್ತದೆ. ಹಸಿಮರಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ; ನೂಲುನೂಲಾಗಿ ಹುಡಿ ಉಗುಳುತ್ತ ಮಾವಿನ ಹರೆಯಲ್ಲಿ ಅದು ಇಳಿಯುವ ಅಂದವನ್ನು ನೋಡಲೆಂದೇ ಪಕ್ಕದ ಮನೆಯವರು ಬಂದಿದ್ದರು. ಒಣಗಿದ ಕುಂಟೆಗೆ ಮಾತ್ರ ಅಜ್ಜ ಮತ್ತೆ ಸಾಮಿಲ್ಲಿನ ಸಾದಾ ಮುಕ್ಕೋನೆ ಹಲ್ಲಿಗೇ ಬರುತ್ತಿದ್ದರು. ನನ್ನ ಮಟ್ಟಿಗೂ ಅದೇ ಸರಿ. ಗಟ್ಟಿ ಒಣಮರಕ್ಕೆ ಸಣ್ಣ ಹಲ್ಲು, ಹಸಿಗೆ ಸಂದುಳ್ಳ ದೊಡ್ಡ ಹಲ್ಲು. ಎರಡಕ್ಕೂ ಒಂದೇ ಎಂದು ಮಾರುವ ಬ್ಲೇಡು ಎರಡಕ್ಕೂ ಒದಗುವುದಿಲ್ಲ.

ಅರ ಹಾಕುವುದು ಮಧ್ಯಾಹ್ನದ ಊಟದ ನಂತರದ ಕೆಲಸ. ಚಿಮಣಿ ಬುಡ್ಡಿಯ ಮಸಿಯಲ್ಲಿ ಹಲ್ಲಿನ ಸಾಲನ್ನೆಲ್ಲ ಕಪ್ಪು ಮಾಡಿಕೊಂಡು, ಅಲಗನ್ನು ಎರಡು ಹಲಗೆಯ ನಡುವೆ ಸಿಕ್ಕಿಸಿ, ಮುಕ್ಕೋನೆ ಅರವನ್ನು ಮುಂದಕ್ಕೆ ಮಾತ್ರ ನೂಕಿ, ಹಿಂದಕ್ಕೆ ತರುವಾಗ ಎತ್ತಿ, ಒಂದು ಬಿಟ್ಟು ಒಂದು ಹಲ್ಲು. ತುದಿ ಮುಟ್ಟಿದ ಮೇಲೆ ಅಲಗು ತಿರುಗಿಸಿ ಉಳಿದವು. ಮಸಿ ಹೋಗಿ ಹೊಳೆದದ್ದು ಆದದ್ದು, ಕಪ್ಪಗಿದ್ದದ್ದು ಬಾಕಿ. ಆಮೇಲೆ ಹಲ್ಲು ಬಿಡಿಸುವ ಕೆಲಸ. ಕಬ್ಬಿಣದ ಪಟ್ಟಿಯ ಕಚ್ಚಿನಲ್ಲಿ ಒಂದೊಂದೇ ಹಲ್ಲು ಹಿಡಿದು, ಒಂದನ್ನು ಎಡಕ್ಕೆ, ಮುಂದಿನದನ್ನು ಬಲಕ್ಕೆ ಕೂದಲಷ್ಟು ಬಾಗಿಸುವುದು. ಬಾಗಿಸದಿದ್ದರೆ ಅಲಗು ತಾನು ಕೊಯ್ದ ದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ, ಹೆಚ್ಚು ಬಾಗಿದರೆ ಕುಣಿಯುತ್ತದೆ. ಕಿರ್ರೋ ಎನ್ನುವ ಅರದ ಸದ್ದಿಗೆ ನಮ್ಮ ಹಲ್ಲೆಲ್ಲ ಜುಂ ಎಂದು ಕಿವಿ ಮುಚ್ಚಿಕೊಂಡರೂ ಅಲ್ಲಿಂದ ಎದ್ದವರಿಲ್ಲ. ಹೊತ್ತು ಇಳಿಯುತ್ತಿದ್ದಂತೆ ಒಳಗಿಂದ ಅಮ್ಮಮ್ಮನ ದನಿ ಬರುತ್ತಿತ್ತು: “ದೀಪ ಹಚ್ಚ ಹೊತ್ತಲ್ಲಿ ಅರ ತಿಕ್ಕಡಿ.” ಅರ ನಿಲ್ಲುತ್ತಿತ್ತು.

ಇನ್ನು ಕೊಯ್ಯುವ ದಿನಗಳು. ಬೆಳಗ್ಗೆ ತೆಳ್ಳವು ತಿಂದು ಬಂದರೆ ಹಲಸಿನ ಮರದಡಿ ಎರಡು ಕತ್ತರಿಗಾಲು ನೆಟ್ಟು, ಅದರ ಮೇಲೆ ಕುಂಟೆ ಹೇರಿ, ಒಬ್ಬ ಚಿಕ್ಕವನನ್ನು ಕುಂಟೆ ಹೊರಳದಂತೆ ಮೇಲೆ ಕೂರಿಸಿ, ಗರಗಸದ ಆಚೆ ಕೈ ಅಪ್ಪಚ್ಚಿಯದು, ಈಚೆ ಕೈ ನಮ್ಮಲ್ಲೊಬ್ಬರದು. ಮೊದಮೊದಲು ನಾವು ಉಮೇದಿಗೆ ಗರಗಸವನ್ನು ಮರಕ್ಕೆ ಒತ್ತುತ್ತಿದ್ದೆವು, ಅದು ತಟ್ಟನೆ ಕಚ್ಚಿಕೊಂಡು ನಿಲ್ಲುತ್ತಿತ್ತು. “ಒತ್ತಡ ತಮಾ, ಎಳೆದ್ರೆ ಸಾಕು. ಕೊಯ್ಯದು ಗರಗಸದ ಕೆಲ್ಸ” ಎಂದು ಅಜ್ಜ ಬೇಸರವಿಲ್ಲದೆ ಪ್ರತಿ ವರ್ಷ ಪ್ರತಿ ಮಗುವಿಗೂ ಹೇಳಿದರು. ಆಚೆಯವರು ಎಳೆಯುವಾಗ ನಾವು ನೂಕಬಾರದು, ಬರೀ ಕೈ ಬಿಟ್ಟುಕೊಡಬೇಕು. ನಮ್ಮ ಸರದಿಗೆ ಅವರು ಬಿಟ್ಟುಕೊಡುತ್ತಾರೆ. ಇದು ಮೈಗೆ ಹತ್ತಿದ ಮೇಲೆ ಸರ್ರ್-ಸರ್ರ್ ಎಂಬ ಒಂದೇ ಲಯದಲ್ಲಿ ಗಂಟೆಗಟ್ಟಲೆ ಎಳೆದರೂ ದಣಿವು ಕಾಣುತ್ತಿರಲಿಲ್ಲ. ಅಕ್ಕ, ತಂಗಿಯರಿಗೆ ಈ ಬಿಟ್ಟುಕೊಡುವುದು ನಮಗಿಂತ ಬೇಗ ಬಂತು. ಅಪ್ಪಚ್ಚಿ ದಪ್ಪದ ಕುಂಟೆ ಬಂದಾಗ ಹುಡುಗರನ್ನು ಬಿಟ್ಟು ಅವರನ್ನೇ ಕರೆಯುತ್ತಿದ್ದದ್ದು ಅದಕ್ಕೇ.

ಅಲಗು ಒಳಗಿಳಿದಂತೆ ಮರದ ವಾಸನೆ ಬಿಡುತ್ತಿತ್ತು. ಮತ್ತಿಯದು ಒಗರು, ನೇರಲಿನದು ಮಣ್ಣಿಗೆ ಹತ್ತಿರ, ಕಾಡುದಾಲ್ಚಿನ್ನಿಯ ಹರೆಯೊಂದು ನಡುವೆ ಬಂದರೆ ಅಂಗಳವೆಲ್ಲ ಪಾಯಸದ ಪರಿಮಳ. ಹಲಸಿನ ಹುಡಿ ಅಪ್ಪಟ ಅರಿಶಿನ. ಅದನ್ನು ಹಾಳೆಕೊಟ್ಟೆಯಲ್ಲಿ ತುಂಬಿ ತಂಗಿಯರು ಮದುವೆಯಾಟಕ್ಕೆ ಒಯ್ಯುತ್ತಿದ್ದರು. ಅಲಗಿಗೆ ಅಂಟಿದ ಹಲಸಿನ ಮೇಣ ಬಿಡಿಸಲು ಸೀಮೆಎಣ್ಣೆಯ ಚಿಂದಿ, ಆಮೇಲೆ ಕೊಬ್ಬರಿ ಎಣ್ಣೆಯ ಚಿಂದಿ. ಬಿದ್ದ ಹುಡಿಯೂ ದಂಡವಲ್ಲ. ಮಳೆಗಾಲದಲ್ಲಿ ಬಚ್ಚಲಿಗೆ ಹೋಗುವ ಪಾಚಿಗಟ್ಟಿದ ದಾರಿಗೆ ಚೆಲ್ಲಲು, ಕರುವಿನ ಕಾಲಡಿ ಹಾಸಲು, ಸಂಜೆ ನುಸಿ ಓಡಿಸುವ ಹೊಗೆಗೆ ಎಲ್ಲಕ್ಕೂ ಅದು ಬೇಕು. ಹನ್ನೊಂದು ಗಂಟೆಗೆ ಮುರುಗಲು ಪಾನಕದ ಚೊಂಬು ಬರುತ್ತಿತ್ತು, ಜತೆಗೆ ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ, ಅದರ ಮೇಲೊಂದು ಚೂರು ಕಾಯಿ. ಕೊಯ್ದ ತುಂಡುಗಳನ್ನು ಅಪ್ಪಯ್ಯ ಕೊಡಲಿಯಲ್ಲಿ ಸೀಳಿದಂತೆ ನಾವು ಸಾಲುಗಟ್ಟಿ ಕೈಯಿಂದ ಕೈಗೆ ದಾಟಿಸುತ್ತ, ಸಿಪ್ಪೆಯ ಕೆಳಗೆ ಚೇಳಿದೆಯೇ ಎಂದು ಕುಟ್ಟಿ ನೋಡುತ್ತ ಕಟ್ಟಿಗೆಮನೆಯಲ್ಲಿ ಒಟ್ಟುತ್ತಿದ್ದೆವು. ದಪ್ಪದ್ದು ಅಡಿಕೆ ಒಲೆಗೆ, ನಡುವಿನದು ಬಚ್ಚಲಿಗೆ, ತೆಳುವಾದದ್ದು ಅಡುಗೆಗೆ. ಒಟ್ಟು ಮಾಡಿಗೆ ಮುಟ್ಟಿದ ದಿನ ಅಮ್ಮಮ್ಮ ಬಂದು ನೋಡಿ, ಏನೂ ಹೇಳದೆ ಹೋಗಿ ಪಾಯಸಕ್ಕಿಡುವರು.

ಒಂದು ವರ್ಷ ಬೇಸಗೆಯ ಕೊನೆಯ ಗುಡುಗುಮಳೆಗೆ ಹೊಳೆಬದಿಯ ಅಪ್ಪೆಮರ ಬುಡಸಮೇತ ಉರುಳಿತು. ಇಡೀ ಊರು ಮಿಡಿಗೆ ಬರುತ್ತಿದ್ದ ಮರವದು, ಅದರ ಮಿಡಿಯ ಉಪ್ಪಿನಕಾಯಿ ಭರಣಿಯಲ್ಲಿ ವರ್ಷಗಟ್ಟಲೆ ಕೆಡದೆ ನಿಲ್ಲುತ್ತಿತ್ತು. ಗರಗಸ ಮುಟ್ಟುವ ಮೊದಲು ಕಸಿಕಡ್ಡಿ ತೆಗೆಯಿರೆಂದು ಅಮ್ಮಮ್ಮ ಪಟ್ಟು ಹಿಡಿದರು. ಅಪ್ಪಚ್ಚಿ ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ, ಸೈಕಲ್ಲಿನಲ್ಲಿ ಕಸಿ ಕಟ್ಟುವವರಲ್ಲಿಗೆ ಒಯ್ದು ಬಂದ ಮೇಲೆಯೇ ನಾವು ಕೊಯ್ಯಲು ಕೂತದ್ದು. ಸೋನೆಯ ಕರ್ಪೂರದಂಥ ಘಮಕ್ಕೆ ಕಣ್ಣು ಉರಿಯುತ್ತಿತ್ತು. ಅಂದು ಯಾರೂ ಮಾತಾಡಲಿಲ್ಲ, ಅಲಗು ಮೀಟುವಾಗಲೂ ಅಜ್ಜ ತಲೆಯನ್ನಷ್ಟೇ ಆಡಿಸಿದರು. ಆ ಮರದ ಕಟ್ಟಿಗೆಯನ್ನು ಅಮ್ಮಮ್ಮ ಬಚ್ಚಲಿಗೆ ಬಿಡಲಿಲ್ಲ, ಬೇರೆಯೇ ಒಟ್ಟಿಸಿ ಹಬ್ಬದ ಅಡುಗೆಗೆ ಮಾತ್ರ ತೆಗೆದರು.

1983ರಲ್ಲಿ ಶಿರಸಿ ಕಡೆಯ ಸಾಲ್ಕಣಿಯ ಜನ ಕಾಡಿನ ಮರಗಳನ್ನು ಕಡಿಯಬಿಡದೆ ಅಪ್ಪಿ ನಿಂತ ಸುದ್ದಿ ನಮ್ಮ ಜಗಲಿಗೂ ಬಂತು. ಆಗ ಅಜ್ಜ, ನಾವು ಒಣಗಿದ್ದು, ಬಿದ್ದದ್ದನ್ನು ಬಿಟ್ಟು ನಿಂತ ಹಸಿಮರಕ್ಕೆ ಕೈಹಾಕಿದವರಲ್ಲ, ಇನ್ನು ಮುಂದೂ ಹಾಕಬೇಡಿ ಎಂದು ಅಪ್ಪಯ್ಯನಿಗೂ ಅಪ್ಪಚ್ಚಿಗೂ ಹೇಳಿದ್ದು ನೆನಪಿದೆ. ಹಿಂದೆಯೇ ಅಡುಗೆಮನೆಗೆ ಅಸ್ತ್ರ ಒಲೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ, ಮೂರು ಪಾತ್ರೆ ಒಟ್ಟಿಗೆ ಬೇಯುವ, ಹೊಗೆಯನ್ನು ಕೊಳವೆಯಲ್ಲಿ ಮಾಡಿನಾಚೆ ಕಳಿಸುವ ಮಣ್ಣಿನ ಒಲೆ. ಆಯಿಯ ಕೆಮ್ಮು ನಿಂತದ್ದು ಆ ವರ್ಷವೇ. ಕಟ್ಟಿಗೆ ಕಡಿಮೆ ಸಾಕಾಯಿತು, ಆದರೆ ಅದರ ಬಾಯಿ ಚಿಕ್ಕದು, ಗಿಡ್ಡ ಗಿಡ್ಡ ತುಂಡೇ ಬೇಕು. ಹಾಗಾಗಿ ಗರಗಸಕ್ಕೆ ಮೊದಲಿಗಿಂತ ಹೆಚ್ಚು ಕೆಲಸ ಬಿತ್ತು. ನಮ್ಮ ಹಗ್ಗದ ಗರಗಸದ ತುಂಬು ಬಾಳ್ವೆಯ ವರ್ಷಗಳವು.

ಆಮೇಲೆ ಗ್ಯಾಸು ಬಂತು. ಬಚ್ಚಲ ಮಾಡಿನ ಮೇಲೆ ಸೋಲಾರು ಕೂತಿತು. ಬಾಡಿಗೆಗೆ ಸಿಗುವ ಕೊಯ್ಯುವ ಮಿಷಿನ್ನು ಒಬ್ಬನೇ ಮನುಷ್ಯನ ಕೈಯಲ್ಲಿ ಬಂದು, ನಾವು ತಿಂಗಳು ಹಿಡಿಯುತ್ತಿದ್ದ ಕೆಲಸವನ್ನು ಮಧ್ಯಾಹ್ನದ ಊಟದೊಳಗೆ ಮುಗಿಸಿ, ಪೆಟ್ರೋಲಿನ ವಾಸನೆ ಬಿಟ್ಟು ಮುಂದಿನ ಮನೆಗೆ ಹೋಗತೊಡಗಿತು. ಅದನ್ನು ನಾನು ದೂರುವುದಿಲ್ಲ. ಅಷ್ಟು ಹೊತ್ತಿಗೆ ಗರಗಸದ ಈಚೆ ಕೈ ಹಿಡಿಯುತ್ತಿದ್ದವರೆಲ್ಲ ಬೆಂಗಳೂರು, ಪುಣೆ, ಇನ್ನೂ ದೂರದ ಊರುಗಳಿಗೆ ಹೊರಟಾಗಿತ್ತು, ಮನೆಯಲ್ಲಿ ಉಳಿದದ್ದು ಆಚೆ ಕೈಯವರು ಮಾತ್ರ. ಅಪ್ಪಚ್ಚಿ ಕೆಲವು ವರ್ಷ ಒಬ್ಬರೇ ಎಳೆದರು. ಚೌಕಟ್ಟಿನ ಗರಗಸವನ್ನು ಒಬ್ಬರೂ ಎಳೆಯಬಹುದು, ಕೊಯ್ಯುತ್ತದೆ. ರಜೆಗೆ ಹೋದಾಗ ಕೇಳಿದರೆ, “ಕೊಯ್ತು, ಆದ್ರೆ ಬೇಜಾರು” ಎಂದರು.

ಈಗ ಆ ಗರಗಸ ನನ್ನ ಬಳಿಯಿದೆ. ದಡಸಲಿನ ಕೈಗಳು ಇಂದಿಗೂ ನೇರ, ಹೆಬ್ಬಲಸಿನ ಅಡ್ಡಪಟ್ಟಿಗೆ ಗೆದ್ದಲು ಮುಟ್ಟಿಲ್ಲ, ಅಲಗು ಮಾತ್ರ ಅರ ಕಂಡು ಕಂಡು ಒಂದು ಬೆರಳಗಲಕ್ಕೆ ಸವೆದಿದೆ. ಇಂಥದ್ದೊಂದು ನಿಮ್ಮ ಮನೆಯ ಅಟ್ಟದಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ಇದ್ದೀತು. ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಹಗ್ಗ ಸಡಿಲಿಸಿ, ತುಕ್ಕನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ, ಕೊಬ್ಬರಿ ಎಣ್ಣೆ ಸವರಿ ಒಣ ಗೋಡೆಗೆ ತೂಗುಹಾಕಿ. ಹಲ್ಲು ಬಿಡಿಸಲು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ಬೇಸಗೆ ರಜೆಗೆ ಮಕ್ಕಳು ಬಂದಾಗಲೇ ಅವರ ಎದುರು ಕೂರಿಸಿ.